ಬಾಲದ ಕೆಳಗಿನ ಸಾಲು

ರಾತ್ರಿ ಹನ್ನೊಂದಕ್ಕ ತಂದ್ರು, ಉಪ್ಪಿನಕಾಯಿ ಭರಣಿಯೊಳಗ.
ಮುಚ್ಚಳ ತಗದ್ರ ಇನ್ನೂ ಮೆಂತೆ, ಇಂಗಿನ ವಾಸನಿ.
ಹಿಂದ ಸ್ಟ್ರೆಚರ್ ಮ್ಯಾಲ ಲಾಲಸಾಬ,
ಇಳಕಲ್ಲಿನ ಕ್ವಾರಿಯೊಳಗ ಡ್ರಿಲ್ ಹಿಡಿಯಾಂವ,
ಎಡಗಾಲ ಹೆಬ್ಬೆರಳಿಗೆ ಎರಡು ಚುಕ್ಕಿ.
"ಯಾವ ಹಾವ್ರಿ ಅಕ್ಕಾರ?"
ಕೇಳಿದಾಂವ ಅವನ ಭಾವ, ತಾನ ಕಲ್ಲೆತ್ತಿ ಹಾಕಿದಾಂವ.
ತಲಿ ಇರಲಿಲ್ಲ.
ತಲಿ ಇದ್ದಲ್ಲಿ ಕೆಂಪುಕಲ್ಲಿನ ಪುಡಿ.

ಗೋಡಿಗೆ ಹಚ್ಚಿದ ಪಟ ಹೇಳತೈತಿ: ತಲಿ ನೋಡ್ರಿ.
ಬಾಣದ ಗುರುತಿದ್ರ ಗರಗಸ ಮಂಡಲ,
ಕವಲುಗೋಲಿನ ಗುರುತಿದ್ರ ಬೆಕ್ಕುಗಣ್ಣಿನ ಹಾವು.
ಒಂದು ರಕ್ತಾನ ನೀರು ಮಾಡತೈತಿ,
ಇನ್ನೊಂದು ಹಲ್ಲಿ ನುಂಗಿ ಸಂದ್ಯಾಗ ಮಲಗತೈತಿ.
ಮೈಮ್ಯಾಲ ಎರಡಕ್ಕೂ ಒಂದ ಅಂಗಡಿಯ ಅರಿವಿ,
ಮಣ್ಣಬಣ್ಣದ ಒಡಲು, ಬೆನ್ನಿಗೆ ಬಿಳಿ ಮಚ್ಚಿ.
ಪಟ ಬರದಾಂವ
ಇಂಥಾ ಭಾವನ್ನ ಕಂಡಿರಲಿಲ್ಲ.

ನಮ್ಮಪ್ಪ ಗುಳೇದಗುಡ್ಡದಾಗ ಖಣ ನೇಯತಿದ್ದ.
ಎರಡು ಖಣ ಹಿಡದು "ಎರಡೂ ಒಂದ ಅಲ್ಲೇನು" ಅಂದವರಿಗೆ
ಸಿಟ್ಟಿಲೆ ಬಟ್ಟಿ ತಿರುವಿ ಹಾಕತಿದ್ದ.
"ಮುಂದಿನ ಮಗ್ಗಲು ಎಲ್ಲಾ ಚಂದನ ಕಾಣತಾವ,
ಎಳಿ ಎಣಸಬೇಕಂದ್ರ ಅಡಿ ನೋಡಬೇಕವ್ವಾ ಶಂಕ್ರಮ್ಮ."
ಅವನ ಹಿತ್ತಾಳಿ ಭೂತಗನ್ನಡಿ, ಮಡಚುವಂಥಾದ್ದು,
ನನ್ನ ಏಪ್ರನ್ ಕಿಸೆದಾಗ ಇರತೈತಿ.
ಕೆಲಸಕ್ಕಲ್ಲ. ಲ್ಯಾಬಿನಾಗ ಮೈಕ್ರೋಸ್ಕೋಪ್ ಐತಿ.
ಇರಲಿ ಅಂತ.

ಚಿಮಟಾದಿಂದ ಎತ್ತಿ ಟ್ರೇದೊಳಗ ಬೋರಲ ಮಲಗಿಸಿದೆ.
ಒಂದೂವರಿ ಗೇಣು. ಮೋಟು ಬಾಲ.
ಮಗ್ಗಲಿಗೆ ಚಿಮಟಾ ಎಳದ್ರ ಸತ್ತ ಮೈ
ಕರ್ರ್ ಅಂತು.
ಯಾವದೋ ದೇಶದಾಗ ಬಾಲಕ್ಕ ಗಿಲಕಿ ಕಟಗೊಂಡ ಹಾವು ಅದಾವಂತ,
ಅವುಗಳೊಳಗೂ ನೂರು ಜಾತಿ, ಒಳಜಾತಿ, ತಕರಾರು.
ನಮ್ಮದಕ್ಕ ಗಿಲಕಿ ಇಲ್ಲ.
ತನ್ನ ಮೈ ತಾನ ತಿಕ್ಕಿ ಸಪ್ಪಳ ಮಾಡತೈತಿ.
ಮರಳಸೀಮ್ಯಾಗ ಇದರ ಅಣ್ಣ ಒಬ್ಬ ಇದ್ದಾನಂತ, ಇದಕ್ಕಿಂತ ಉದ್ದ,
ಹೊಟ್ಟಿ ಪಟ್ಟಿ ನಾಕು ಹೆಚ್ಚು.
ಅಷ್ಟ ಫರಕು. ಅಷ್ಟಕ್ಕ ಬ್ಯಾರೆ ಮನಿ.

ಅಂಗಾತ ಮಾಡಿದೆ. ಕನ್ನಡಿ ಬಿಚ್ಚಿದೆ.
ಬಾಲದ ಕೆಳಗ ಬೆಕ್ಕುಹಾವಿಗಾದ್ರ ಜೋಡಿ ಸಾಲು,
ಜಡಿ ಹೆಣೆದಾಂಗ.
ಇಲ್ಲಿ ಒಂದು. ಒಂದು. ಮತ್ತ ಒಂದು.
ತುದಿತನಕ ಒಂಟಿ.

ಅಷ್ಟೊತ್ತಿಗೆ ಗಾಜಿನ ನಳಿಗಿಯೊಳಗ ಲಾಲಸಾಬನ ರಕ್ತ
ಇಪ್ಪತ್ತು ನಿಮಿಷ ಅಲುಗಾಡದ ನಿಂತಿತ್ತು.
ಡಾಕ್ಟರ್ ಹುನಕುಂಟಿ ಬಾಗಿಸಿದ್ರು.
ಹೆಪ್ಪುಗಟ್ಟಿರಲಿಲ್ಲ, ಹರೀತು, ಕರೆದ ಚಹಾದಂಗ ಸಲೀಸು.
"ಹತ್ತು ವಯಲ್" ಅಂದ್ರು ನರ್ಸಿಗೆ.
ನನ್ನ ಕಡೆ ತಿರುಗಿ, ನಗತ:
"ಸಾಲು ಎಣಿಸೋದು ಬೇಕಾಗಿರಲಿಲ್ಲ ಶಂಕ್ರಮ್ಮ,
ನಳಿಗೇನ ಹೇಳತಿತ್ತು."
ಖರೆ. ನಳಿಗಿ ಹೇಳತಿತ್ತು.
ಹಾವಿನ ಹೆಸರು ಮಾತ್ರ ಹೇಳತಿರಲಿಲ್ಲ.

ಹೋದ ಶ್ರಾವಣದಾಗ ಇದ ಭರಣಿಯಂಥ ಭರಣಿಯೊಳಗ
ಜೋಡಿ ಸಾಲಿಂದು ಒಂದು ಬಂದಿತ್ತು.
ಕಡಿಸಿಕೊಂಡ ಹುಡುಗ ಸಂಜಿಗೆ ಎದ್ದು ಮನಿಗೆ ನಡದಾ.
ಅದನ್ನ ಎದಕ್ಕ ಹೊಡದ್ರಿ ಅಂತ ನಾ ಕೇಳಲಿಲ್ಲ.
ಕೇಳಬೇಕಿತ್ತು.

ನಸುಕಿನ್ಯಾಗ ಮೂರನೇ ನಳಿಗಿ ಬಾಗಿಸಿದ್ರ ರಕ್ತ ಹರೀಲಿಲ್ಲ,
ಗಾಜಿಗೆ ಅಂಟಿ ಕುಂತಿತ್ತು.
ಭಾವ ಬಾಗಲಾಗ ನಿಂತಿದ್ದ, ಕೈಯಾಗ ಟವೆಲ್ ಹಿಂಡಕೋತ.
ಇನ್ನೊಮ್ಮೆ ತಲಿ ಜಜ್ಜಬ್ಯಾಡ,
ತರಲೂ ಬ್ಯಾಡ, ದೂರ ನಿಂತು ಫೋನಿನಾಗ ಫೋಟೋ ಹೊಡಿ ಅಂದೆ.
ತಲಿ ಅಲ್ಲಾಡಿಸಿದ. ಹೋಗಲಿಲ್ಲ.
"ಮತ್ತೇನು?"

"ಭರಣಿ ತೊಳದು ಕೊಡ್ರಿ ಅಕ್ಕಾರ.
ನಮ್ಮವ್ವ ಕೇಳತಾಳ."