ಗುಡಿಸು

ಇನ್ನಾಸಪ್ಪನವರ ಪುಸ್ತಕ ಕೊಡಿ ಅಂತೀಯ,
ಯಾವುದು ಅಂದರೆ ಹೆಗಲು ಕುಣಿಸ್ತೀಯ.
ಕೂತುಕೋ. ಪೇಪರ್ ಟೌನಿನ ಈ ವಾಚನಾಲಯದಲ್ಲಿ
ಆ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನವಿಲ್ಲ,
ಜಗಳ ಸಿಕ್ಕಿದೆ.

ತೆರೆಸಮ್ಮ ಟೀಚರಾದರೆ
‘ಕುಲುಮೆಯ ಹತ್ತಿರ ಒಂದು ಕುರ್ಚಿ’ ಅನ್ನುತ್ತಿದ್ದರು.
ತೆಳು ಪುಸ್ತಕ, ಕೆಟ್ಟವರೇ ಇಲ್ಲ,
ಜ್ವರದ ಬಾಯಿಗೆ ಗಂಜಿ ಇಳಿದ ಹಾಗೆ.
ಸೊಲೊಮನ್ ಮಾಸ್ತರರಿಗೆ ಗಂಜಿ ಆಗದು.
‘ಪಾಪವೇ ಇಲ್ಲದ ಊರಿಗೆ ರಕ್ಷಕ ಯಾಕೆ ಬರಬೇಕು?’
ಎಂದು ಮೇಜು ಗುದ್ದಿದರೆ
ನನ್ನ ಇಂಕ್ ಪ್ಯಾಡು ನೆಲಕ್ಕೆ.

ಪಾತ್ರೆ ಅಂಗಡಿಯ ಗುರುಸಿದ್ದಯ್ಯ
‘ವಿಭೂತಿ ಬುಧವಾರದ ಪಾಳಿ’ ಒಯ್ದದ್ದು
ಹೆಸರು ನೋಡಿ, ತಮ್ಮವರದ್ದೇ ಇರಬೇಕೆಂದು.
ಮೂರು ದಿನಕ್ಕೆ ತಂದು ಎದುರಿಗಿಟ್ಟು
‘ವರ್ಷಕ್ಕೆ ಒಂದೇ ದಿನ ಹಚ್ಚಿಕೊಂಡರೆ ಸಾಕಾಗ್ತದಾ ನಿಮಗೆ?’ ಎಂದರು.
ಮತ್ತೆ ಅದೇ ಪುಸ್ತಕ ಬರೆಸಿಕೊಂಡು ಹೋದರು.

ನೀನು ಅವರನ್ನು ನೋಡಿದವಳಲ್ಲ.
ಗಿರಣಿಯಲ್ಲಿ ತಿರುಳು ಬೇಯಿಸುವ ಕೆಲಸ,
ಅಂಗಿಗೆ ಯಾವಾಗಲೂ ಕೊಳೆತ ಬಿದಿರಿನ ವಾಸನೆ.
ದೇವರು ಎಂಬ ಮಾತು ಪುಟಕ್ಕೆರಡು ಸಲ ಬಂದರೆ
ಒಂದನ್ನು ಹೊಡೆದು ಹಾಕುತ್ತಿದ್ದರು.
ಫಾದರಿಗೆ ಅದಕ್ಕೇ ಮುನಿಸು,
ನಮಗೆ ಅದಕ್ಕೇ ಅವರು ಬೇಕು.

ನಿಜವಾದ ಜಗಳ ಮಾತ್ರ ‘ಚಿಲಕ’ದ್ದು.
ಕುಡಿದು ಮನೆಗೆ ಬೆಂಕಿಯಿಟ್ಟ ಅಪ್ಪ
ಹನ್ನೊಂದು ವರ್ಷದ ಮೇಲೆ ಬಂದು ಹೊರಗೆ ನಿಂತಿದ್ದಾನೆ.
ಒಳಗೆ ಮಗ.
ಕೊನೆಯ ಸಾಲು, ಹಸಿರು ರಟ್ಟಿನ ಮೊದಲ ಮುದ್ರಣದಲ್ಲಿ:
ಕ್ಷಮಿಸದ ಕೈ ಚಿಲಕದ ಮೇಲಿತ್ತು.
ಕಂದು ರಟ್ಟಿನ ಎರಡನೆಯದರಲ್ಲಿ:
ಕ್ಷಮಿಸಿದ ಕೈ ಚಿಲಕದ ಮೇಲಿತ್ತು.

ಒಂದು ಗುಡಿಸು, ಅಷ್ಟೇ.
ಅದಕ್ಕಾಗಿ ಚೌರಪ್ಪ, ಸೊಲೊಮನ್ ಮಾಸ್ತರರು
ಎರಡು ಕ್ರಿಸ್‌ಮಸ್ಸು ಒಬ್ಬರ ಮನೆಗೊಬ್ಬರು ಕಲ್ಕಲ್ ಕಳಿಸಲಿಲ್ಲ.
‘ಅಷ್ಟು ಬೇಗ ಕ್ಷಮಿಸಿದರೆ ಅದು ಸಂತೆ ಮಾಲು’ ಅಂತ ಚೌರಪ್ಪ.
‘ಕ್ಷಮಿಸದವನ ಕೈ ಚಿಲಕಕ್ಕೆ ಯಾಕೆ ಹೋಗ್ತದೆ ಮಾರಾಯಾ?’ ಅಂತ ಮಾಸ್ತರರು.
‘ಹಾಕಿಕೊಳ್ಳೋದಕ್ಕೆ!’
ನಾನು ಸುಮ್ಮನೆ ಕಾರ್ಡುಗಳನ್ನು ಜೋಡಿಸುತ್ತಿದ್ದೆ.

ಸುಮ್ಮನಿದ್ದದ್ದಕ್ಕೆ ಕಾರಣವುಂಟು.
ಆ ಪುಸ್ತಕದ ಕರಡು ತಿದ್ದಿದವಳು ಈ ಜಪಮಾಲೆಯೇ,
ಹಳೆನಗರದ ಅಚ್ಚುಕೂಟದಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ.
ಮೊಳೆ ಜೋಡಿಸಿದ್ದು ಬುಡನ್ ಸಾಬರು.
ಆವತ್ತು ಖಾನೆಯಲ್ಲಿ ‘ಸಿ’ ಮುಗಿದಿತ್ತು,
ಊಟದ ಸೈರನ್ ಬೇರೆ ಆಗಿತ್ತು,
‘ಸ’ ಕೂರಿಸಿ ಹೋಗಿದ್ದರು, ಆಮೇಲೆ ನೋಡಿದರಾಯಿತೆಂದು.
ನೋಡಬೇಕಾದವಳು ನಾನು.
ನೋಡಿದೆ.
ನನ್ನ ಪಾಲಿನ ಸರ ಅಡವಿಟ್ಟು ಗಂಡನಿಗೆ ಲೂನಾ ಕೊಡಿಸಿದ ಅಕ್ಕನ ಜೊತೆ
ಆರು ತಿಂಗಳಿಂದ ಮಾತು ಬಿಟ್ಟಿದ್ದೆ.
ಆ ಸಾಲು ನನಗೆ ತಪ್ಪು ಅನ್ನಿಸಲಿಲ್ಲ.

ಹಸ್ತಪ್ರತಿಯಲ್ಲಿ ಏನಿತ್ತು ಅಂತ ಕೇಳಬೇಡ.
ಇನ್ನಾಸಪ್ಪನವರ ಪೆನ್ನಿಗೆ ಗುಡಿಸು ಪೂರ್ತಿ ಸುತ್ತಲು ಪುರುಸೊತ್ತಿರಲಿಲ್ಲ,
ಹೇಗೆ ಓದಿದರೆ ಹಾಗೆ.
ನಾಲ್ಕು ವರ್ಷದ ಮೇಲೆ ಎರಡನೇ ಕರಡು ಬಂದಾಗ
ಅಂಚಿನಲ್ಲಿ ಸಣ್ಣಗೆ, ಕೆಂಪಿನಲ್ಲಿ, ಒಂದು ಗುಡಿಸು ಹಾಕಿದೆ.
ಅವರು ಬಂದು ಹಾಳೆ ನೋಡಿದರು.
ನನ್ನನ್ನು ನೋಡಿದರು.
‘ಅಕ್ಕ ಬಂದಿದ್ದಳಾ?’ ಎಂದರು.
ಮತ್ತೆ ಕನ್ನಡಕ ಒರೆಸಿಕೊಂಡು ಮುಂದಿನ ಪುಟ.

ಈಗ ಮೇಜು ಗುದ್ದುವವರು ಯಾರೂ ಇಲ್ಲ,
ಗಿರಣಿಯ ಸೈರನ್ನೂ ಇಲ್ಲ.
ನಿನಗೆ ಇದನ್ನೆಲ್ಲ ಮೊದಲೇ ಹೇಳಿ ಕೆಡಿಸಿದೆನೇನೋ.
ತೆರೆಸಮ್ಮನವರ ಮಾತು ಕೇಳಿ ‘ಕುರ್ಚಿ’ಯಿಂದ ಶುರು ಮಾಡು,
ಬೇಡವಾದರೆ ಅಗೋ, ಮೂರನೇ ಅರೆಯಲ್ಲಿ
ಹಸಿರೂ ಇದೆ, ಕಂದೂ ಇದೆ.
ಕೊನೆಯ ಸಾಲನ್ನು ಮನಸ್ಸಿನಲ್ಲಿ ಓದಿಕೊಂಡು ತರಬೇಡ,
ಇಲ್ಲಿ ಬಂದು ಗಟ್ಟಿಯಾಗಿ ಓದು, ನಾನು ಕೇಳಬೇಕು.

ಹದಿನೈದು ದಿನ.
ತಡವಾದರೆ ದಿನಕ್ಕೊಂದು ರೂಪಾಯಿ.
ದಂಡ ಮಾತ್ರ ಬಿಡುವವಳಲ್ಲ ನಾನು.