ಜೊತೆಗೆ ಒಂದು ಮಗು

ಗೇಟಿನಲ್ಲೇ ಬ್ಯಾಗು ಸುರುವಿ ನೋಡಿದರು.
ಎರಡು ನೈಟಿ, ಅವಳ ಯೂನಿಫಾರಂ, ಒಂದು ಬಾಟಲಿ.
ಮುಚ್ಚಳ ತೆಗೆದು ಮೂಸಿದರು.
'ಕುಡಿಯೋ ಎಣ್ಣೆ ಅಲ್ರೀ, ತಲೀಗೆ ಹಚ್ಚೋದು,
ನಾ ನೋಡೀನಿ' ಅಂದಳು ದುಗ್ಗಿ. ಆರು ವರ್ಷ.
ಸಿಸ್ಟರ್ ನಗಲಿಲ್ಲ. ರಿಜಿಸ್ಟರಿನಲ್ಲಿ
ಹಾಲಮ್ಮ ಎಂದು ಬರೆದು, ಪಕ್ಕದಲ್ಲಿ
'ಜೊತೆಗೆ ಒಂದು ಮಗು' ಎಂದರು.
ಯಾರ ಜೊತೆಗೆ ಯಾರು ಬಂದದ್ದೋ.

ಮಂಡಕ್ಕಿ ಭಟ್ಟಿಯಲ್ಲಿ ಹನ್ನೊಂದು ವರ್ಷ.
ಕಾದ ಮರಳು, ಹೊಟ್ಟಿನ ಹೊಗೆ.
ಗಂಟಲ ಮಸಿಗೆ ಒಂದು ಪ್ಯಾಕೆಟ್ ಹಾಕು ಅಂದರು ಮೊದಲು.
ಆಮೇಲೆ ಸೊಂಟಕ್ಕೆ.
ಆಮೇಲೆ ಏನೂ ನೋಯದಿದ್ದರೂ.
ಗಂಡಸು ಕುಡಿದರೆ ಓಣಿಯಲ್ಲಿ ಬೀಳುತ್ತಾನೆ,
ಬೈಕೊಂಡಾದರೂ ಎತ್ತುತ್ತಾರೆ.
ನಾನು ಅಗುಳಿ ಹಾಕಿಕೊಂಡು ಬಿದ್ದೆ.
ಒಳಗೆ ಎತ್ತುವುದಕ್ಕೆ ಇದ್ದದ್ದು
ಹದಿನಾರು ಕಿಲೋದ ಒಂದು ಹುಡುಗಿ.

ಅವಳು ಕಲಿತ ವಿದ್ಯೆ ಇದು:
ಮಂಡಕ್ಕಿ ಡಬ್ಬಿಯ ತಳದಲ್ಲಿ ದುಡ್ಡು ಹೂಳುವುದು,
ವಾಂತಿ ಗಂಟಲಿಗೆ ಸಿಗದಂತೆ ನನ್ನನ್ನು ಮಗ್ಗುಲಿಗೆ ಹೊರಳಿಸುವುದು,
ಟೀಚರಿಗೆ 'ಅವ್ವಗೆ ಜ್ವರ' ಅನ್ನುವುದು.
ರಾತ್ರಿ ಮಲಗುವ ಮುಂಚೆ
ನನ್ನ ಬಾಯಿಗೆ ಮೂಗು ತಂದು ಮೂಸುವುದು.
ವಾಸನೆ ಇದ್ದರೆ
ಅವಳು ಎದ್ದೇ ಇರುತ್ತಿದ್ದಳು.

ಹದಡಿ ರಸ್ತೆಯ ಈ ಹಳೇ ಮನೆಯಲ್ಲಿ
ಎಂಟು ಜನ ತಾಯಂದಿರು, ಹದಿಮೂರು ಮಕ್ಕಳು.
ಮೊದಲ ವಾರ ಗೋಡೆ ತುಂಬ ಇರುವೆ ಹರಿದವು,
ಬೇರೆ ಯಾರಿಗೂ ಕಾಣಲಿಲ್ಲ.
ಮೆಹರಾಜ್ ನಿದ್ದೆಗುಳಿಗೆಯವಳು, ಮೂರು ತಿಂಗಳ ಕೂಸಿನವಳು.
ಕೈ ನಡುಗುತ್ತವೆಂದು ಕೂಸನ್ನು ನನಗೆ ಕೊಟ್ಟಳು.
ನನ್ನವೂ ನಡುಗುತ್ತಿದ್ದವು.
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು
ಇಬ್ಬರ ಮಡಿಲೂ ಸೇರಿಸಿ ಇಟ್ಟುಕೊಂಡೆವು.
ಕೂಸು ತೊಟ್ಟಿಲೆಂದು ತಿಳಿದು ನಿದ್ದೆ ಹೋಯಿತು.

ದುಗ್ಗಿ ಅಂಗಳಕ್ಕೆ ಇಳಿಯಲಿಲ್ಲ. ಬಾಗಿಲಲ್ಲೇ ಕಾವಲು.
'ಅವ್ವನ್ನ ಯಾರು ನೋಡ್ಕಂತಾರೆ?'
'ನಮಗೆ ಅದಕ್ಕೇ ಪಗಾರ ಕೊಡೋದು, ನೀ ಆಡಾಕ್ ಹೋಗು' ಅಂದಳು ಆಯಾ.
'ರಾತ್ರೀನೂ?'
'ರಾತ್ರೀನೂ.'
ನಂಬಲಿಲ್ಲ. ಆದರೂ ಚಪ್ಪಲಿ ಹಾಕಿಕೊಂಡಳು.

ಮೊನ್ನೆ ಶನಿವಾರ ಮೆಹರಾಜಳ ತಮ್ಮ
ಮೆಣಸಿನಕಾಯಿ ಬೋಂಡ, ಮಂಡಕ್ಕಿ ತಂದಿದ್ದ.
ಮಕ್ಕಳು ಸಂಜೆಯ ಪಾಠದಲ್ಲಿದ್ದರು.
ಮಂಡಕ್ಕಿ ಮುಟ್ಟಲಾಗಲಿಲ್ಲ ನನಗೆ,
ಬೋಂಡ ಎರಡು ತಿಂದೆ.

ರಾತ್ರಿ ದೀಪ ಆರಿದ ಮೇಲೆ ಬಂದಳು.
ನಾನಾಗೇ ಬಾಯಿ ತೆರೆದೆ.
ಒಂದು ಸಲ ಮೂಸಿದಳು. ಮತ್ತೊಂದು ಸಲ.
ಎದೆ ಹೊಡೆದುಕೊಂಡಿತು,
ಏನೂ ಮಾಡದ ದಿನವೂ ಹೊಡೆದುಕೊಳ್ಳುತ್ತದೆ.

'ಮೆಣಸಿನಕಾಯಿ ತಿಂದೀ!
ನಂಗ್ ಒಂದೂ ಇಡದಂಗೆ!'

ಅತ್ತಳು, ಒದ್ದಳು, ಹೊದಿಕೆ ಪೂರ್ತಿ ಎಳೆದುಕೊಂಡಳು.
ಇಷ್ಟು ಸಣ್ಣ ತಪ್ಪಿಗೆ
ಅವಳು ನನ್ನನ್ನು ಎಂದೂ ಬೈದಿರಲಿಲ್ಲ.

ಗೋಡೆಗೆ ಮುಖ ಮಾಡಿ, ಆ ಸಿಟ್ಟಿನಲ್ಲೇ
ನಿದ್ದೆ ಹೋದಳು.
ನಾನು ಎದ್ದೇ ಇದ್ದೆ.