ನಾಲ್ಕಿಂಚು

ಮುಹರ್ರಕ್ಕಿನ ಈ ಗಲ್ಲಿಗೆ ವ್ಯಾನು ನುಗ್ಗುವುದಿಲ್ಲ.
ಸ್ಪ್ರಿಂಗು, ಸುತ್ತಿಗೆ, ಹಳೇ ಲುಂಗಿಯ ಚಿಂದಿ
ಹೊತ್ತು ನಡೆದೆವು ನಾನೂ ಮೊಫಿಜನೂ,
ಆಗಸ್ಟಿನ ಗಾಳಿ ಒದ್ದೆ ಗೋಣಿಯ ಹಾಗೆ ಬೆನ್ನಿಗೆ ಬಿದ್ದು.

ಅಂಗಳದ ಜಾಲರಿ ಮೂರು ದಿನದಿಂದ ಉಕ್ಕುತ್ತಿದೆ.
ಒಡತಿ ಲುಲ್ವಾ, ಅಬಾಯದ ತುದಿ ಮೂಗಿಗೆ ಹಿಡಿದು,
"ಆಸಿಡ್ ಸುರಿ, ಖಲಾಸ್.
ಪಕ್ಕದ ಮನೆಗೆ ಹಾಗೇ ಮಾಡಿದರು" ಅಂದಳು.
ಕೊಳೆ ಯಾವುದು, ಕಬ್ಬಿಣ ಯಾವುದು,
ಆಸಿಡ್ಡಿಗೆ ಗೊತ್ತಾಗುವುದಿಲ್ಲ ತಾಯೀ, ಎನ್ನಬೇಕಿತ್ತು.
ನನ್ನ ಅರಬ್ಬಿ ಅಷ್ಟುದ್ದ ಬಾರದು.
"ಪೈಪ್ ಮರೀದ್" ಅಂದೆ. ಪೈಪಿಗೆ ಹುಷಾರಿಲ್ಲ.
ನಕ್ಕಳು. ಮಂಡಿನೋವಿನವರಿಗೆ ಇಂಥ ಮಾತು ಬೇಗ ತಿಳಿಯುತ್ತದೆ.

ಮೊದಲು ಬಡಿದು ಕೇಳಬೇಕು.
ಹಲಸು ಕೊಳ್ಳುವವರು ತಟ್ಟಿ ನೋಡುತ್ತಾರಲ್ಲ,
ಹಾಗೆ ಗೋಡೆಗುಂಟ ಸುತ್ತಿಗೆಯ ಹಿಡಿ: ಟಕ್, ಟಕ್.
ಖಾಲಿ ಇದ್ದಲ್ಲಿ ಗಂಟೆ,
ತುಂಬಿದಲ್ಲಿ ಗಂಟಲು ಕಟ್ಟಿದವರ ಹೂಂ.
ಅಡುಗೆಮನೆಯ ತಿರುವಿನಲ್ಲಿ ಹೂಂ ಅಂತು.

ಹೊರಗೆ ಬಣ್ಣ ಹೊಡೆಸಿಕೊಂಡು ಸುಮ್ಮನಿರುತ್ತದೆ ಎರಕದ ಕಬ್ಬಿಣ.
ಒಳಗೇ ಬೆಳೆಯುತ್ತದೆ ತುಕ್ಕು,
ಗಂಗೊಳ್ಳಿಯ ಬಂಡೆಗೆ ಕಲ್ವ ಕಚ್ಚಿದ ಹಾಗೆ, ಗಂಟುಗಂಟಾಗಿ;
ಗಂಟಿಗೆ ಕೂದಲು, ಕೂದಲಿಗೆ ತುಪ್ಪ, ತುಪ್ಪಕ್ಕೆ ಅಗುಳು,
ಅರವತ್ತು ವರ್ಷದ ಶುಕ್ರವಾರದ ಮಚ್ಬೂಸು.
ಹೊರಗೆ ನಾಲ್ಕಿಂಚು.
ಒಳಗೆ ಹೆಬ್ಬೆರಳು ಹೋಗದು.

ಸ್ಪ್ರಿಂಗು ಬಿಟ್ಟೆವು. ಮೊಫಿಜ್ ತಿರುಗಿಸಿದ.
ಹನ್ನೆರಡು ಅಡಿಗೆ ನಿಂತಿತು;
ನೂಕಿದರೆ ಹೋಗದು, ಎಳೆದರೆ ಬಾರದು,
ವೀಸಾ ಮುಗಿದವನ ಹಾಗೆ.
ಇನ್ನು ಕೊಯ್ಯುವುದೇ.

ಕೊಯ್ಯುವ ಮುಂಚೆ ಕೊರಳು ಒರೆಸಿದರೆ
ಉಬ್ಬಿದ ಅಕ್ಷರ: ಮೇಡ್ ಇನ್ ಇಂಡಿಯಾ.
ಊರಿನ ಹೆಸರನ್ನು ತುಕ್ಕು ತಿಂದಿದೆ.
ಹೌರಾ, ಗ್ಯಾರಂಟಿ, ಅಂದ ಮೊಫಿಜ್.
ಅವನಜ್ಜ ಅಲ್ಲಿನ ಫೌಂಡ್ರಿಯಲ್ಲಿ
ಅಚ್ಚಿನ ಮರಳು ತುಳಿದವನಂತೆ, ಗಡಿ ಬೀಳುವ ಮೊದಲು.
ಯಾವುದಾದರೇನು ಮಾರಾಯ, ಅಂದೆ,
ನಮಗಿಂತ ಮೊದಲು ಬಂದವನು,
ಒಂದು ದಿನ ರಜೆ ಕೇಳದವನು.
ಬ್ಲೇಡನ್ನು ಅಕ್ಷರದಿಂದ ಒಂದು ಗೇಣು ಈಚೆ ಇಟ್ಟೆ.

ಕೀಲಿನಲ್ಲಿ ಸೀಸ, ಸೀಸದ ಹಿಂದೆ ಸೆಣಬು,
ಇನ್ನೂ ನಿನ್ನೆ ಹೊಸೆದ ಬಣ್ಣ.
ಆಮೇಲೆ ಬಂದದ್ದು ಊಟದ ಹೊತ್ತಿಗೆ ಹೇಳುವಂಥದ್ದಲ್ಲ:
ಬಕೆಟ್ಟಿನ ತುಂಬ ಕಪ್ಪು, ಕಪ್ಪಿನಲ್ಲಿ ಖರ್ಜೂರದ ಬೀಜ,
ಬಾಚಣಿಗೆಯ ಹಲ್ಲು, ಗೊಂಬೆಯ ಒಂದು ಕೈ,
ಮತ್ತೆ, ಕತ್ತರಿಯಲ್ಲಿ ಎರಡೆರಡು ಹೋಳಾದ
ಸಿಮ್ ಕಾರ್ಡುಗಳು.
ಹೋಳು ಜೋಡಿಸಿ ಎಣಿಸಿದೆ. ಐದು.

ಬಾಗಿಲಲ್ಲಿ ನಿಂತಿದ್ದಳು ಮನೆಗೆಲಸದ ಸುಬ್ಬಲಕ್ಷಮ್ಮ, ಕಡಪದ ಕಡೆಯವಳು.
ಬಕೆಟ್ಟು ನೋಡಿದಳು, ನನ್ನನ್ನು ನೋಡಿದಳು,
ಒಲೆಯ ಮೇಲೆ ಏನೋ ಇದೆಯೆಂಬಂತೆ ತಿರುಗಿದಳು.
ಒಲೆ ಆರಿತ್ತು.
ಯಾರ ಕತ್ತರಿ ಎಂದು ಪೈಪು ಹೇಳುವುದಿಲ್ಲ.
"ಏನದು?" ಲುಲ್ವಾ ಅಂಗಳದಿಂದ ಕೂಗಿದಳು.
"ತುಕ್ಕು" ಅಂದೆ. ನನ್ನ ಅರಬ್ಬಿ
ಅಷ್ಟಕ್ಕೆ ಸಾಕಾಗುತ್ತದೆ.

ಸಂಜೆಗೆ ಹೊಸ ತಿರುವು ಕೂತಿತು, ಬಿಳೀ ಪ್ಲಾಸ್ಟಿಕ್ಕು.
ಅಭ್ಯಾಸಬಲ, ಬಡಿದು ನೋಡಿದೆ.
ಅದಕ್ಕೆ ತುಂಬಿದ್ದೂ ಬರಿದಾದದ್ದೂ ಒಂದೇ ಸದ್ದು.
ಹದಿನೈದು ದಿನಾರಿನಲ್ಲಿ ಮೂರು ಇಳಿಸಿ
ಖರ್ಜೂರ ಕೊಟ್ಟಳು ಲುಲ್ವಾ, ಎರಡು ಮುಷ್ಟಿ.
ಅಕ್ಷರವಿದ್ದ ತುಂಡನ್ನು ಮೊಫಿಜ್ ಹೆಗಲಿಗೇರಿಸಿದ,
ಗುಜರಿಗೆ, ಅಂದ. ಗುಜರಿ ಅಂಗಡಿಯ ಮುಂದೆ
ಅವನು ನಿಲ್ಲಲಿಲ್ಲ.

ಅದಕ್ಕೂ ಮೊದಲು, ಚಪ್ಪಲಿ ಹುಡುಕುತ್ತಿದ್ದಾಗ,
ಸುಬ್ಬಲಕ್ಷಮ್ಮ ಕೊಡ ನೀರು ಸುರಿದು
ಗಳಗಳನೆ ಹೋದದ್ದನ್ನು ಕಿವಿಗೊಟ್ಟು ಕೇಳಿ, ಮೆಲ್ಲಗೆ,
"ಅನ್ನಾ, ಇದರಲ್ಲಿ ಏನೇನು ಹಾಕಬಾರದು?"
ಎಣ್ಣೆ, ಅಂದೆ. ಕೂದಲು. ಅನ್ನ.
ಅವಳು ಇನ್ನೂ ನಿಂತೇ ಇದ್ದಳು.
ಉಳಿದದ್ದು
ಸಣ್ಣಗೆ ಕತ್ತರಿಸಿದರೆ ಹೋಗುತ್ತದೆ, ಅಂದೆ.